ನೋವಿನ ಇಂಜೆಕ್ಷನ್ ಬಿದ್ದ ಮೇಲೆ ‘ಖಾಲಿ ಹೊಟ್ಟೆ’ಯ ಲೆಕ್ಕ ಯಾಕೆ ತಪ್ಪುತ್ತದೆ?

ಬೆಂಗಳೂರಿನ ಯಾವ ಆಸ್ಪತ್ರೆಗೆ ಹೋದರೂ ಆಪರೇಷನ್‌ಗೆ ಮುಂಚೆ ಒಂದು ಪ್ರಶ್ನೆ ತಪ್ಪೋದಿಲ್ಲ: ‘ಕೊನೆಗೆ ಊಟ ಮಾಡಿದ್ದು ಎಷ್ಟು ಗಂಟೆಗೆ?’ ಸಿಸ್ಟರ್ ಕೇಳುತ್ತಾರೆ, ಡ್ಯೂಟಿ ಡಾಕ್ಟ್ರು ಕೇಳುತ್ತಾರೆ, ಆಮೇಲೆ ಅರಿವಳಿಕೆ ಡಾಕ್ಟ್ರು ಬಂದು ಮತ್ತೆ ಅದನ್ನೇ ಕೇಳುತ್ತಾರೆ. ಹೇಳಿ ಹೇಳಿ ರೋಗಿಗೂ ಬೇಜಾರು, ಮನೆಯವರಿಗೂ ಬೇಜಾರು. ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಜನ ಅಷ್ಟು ಗಂಭೀರವಾಗಿ ತಗೊಳ್ಳುವುದಿಲ್ಲ: ‘ನೋವಿಗೆ ಏನು ತಗೊಂಡಿದ್ದೀರಿ? ಯಾವಾಗ?’

ಆರು ಗಂಟೆ, ಎಂಟು ಗಂಟೆ ಉಪವಾಸ ಅನ್ನುವ ಲೆಕ್ಕ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಹೊಟ್ಟೆ ಎಂದಿನ ಹಾಗೆ ಕೆಲಸ ಮಾಡುತ್ತಿದೆ, ಹೊತ್ತಾದ ಹಾಗೆ ಖಾಲಿಯಾಗುತ್ತಿದೆ ಅನ್ನುವ ನಂಬಿಕೆ. ಕೆಲವು ಔಷಧಿಗಳು ಈ ನಂಬಿಕೆಯನ್ನು ಸುಳ್ಳು ಮಾಡಿಬಿಡುತ್ತವೆ.

ನಿದ್ದೆ ಬರಿಸುವ ಔಷಧಿ, ನೋವು ತಗ್ಗಿಸುವ ಔಷಧಿ ಎರಡನ್ನೂ ನಾವು ‘ಮತ್ತಿನ ಇಂಜೆಕ್ಷನ್’ ಅಂತ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಹೊಟ್ಟೆಯ ವಿಚಾರದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಜಠರವನ್ನು ನಿಧಾನ ಮಾಡುವುದು ಮುಖ್ಯವಾಗಿ ಬಲವಾದ ನೋವಿನ ಔಷಧಿಗಳು. ನಿದ್ದೆಯ ಔಷಧಿಗಳಲ್ಲಿ ಹೆಚ್ಚಿನವು ಜಠರದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಗಂಟಲಿನ ಎಚ್ಚರವನ್ನು ಕಳೆಯುತ್ತವೆ. ತೊಂದರೆ ಹುಟ್ಟುವುದು ಇವೆರಡೂ ಒಟ್ಟಿಗೆ ಬಂದಾಗ. ಆಪರೇಷನ್ ಅಂದರೆ ಎರಡೂ ಒಟ್ಟಿಗೇ ಬರುತ್ತವಲ್ವಾ?

ಮೊದಲು ಜಠರದ ದಿನನಿತ್ಯದ ಕೆಲಸ

ಜಠರ ಅಂದರೆ ಊಟ ತುಂಬಿಕೊಳ್ಳುವ ಚೀಲ ಅಂತ ಅಂದುಕೊಂಡಿರುತ್ತೇವೆ. ಅದರ ಮೇಲಿನ ಅರ್ಧ ಹೆಚ್ಚುಕಡಿಮೆ ಹಾಗೇ ಇದೆ. ಊಟ ಬಂದ ಹಾಗೆ ಸಡಿಲಾಗಿ ಜಾಗ ಮಾಡಿಕೊಡುತ್ತದೆ. ಕೆಳಗಿನ ಭಾಗದ ಕಥೆ ಬೇರೆ. ಆಂಟ್ರಮ್ ಅಂತ ಅದರ ಹೆಸರು. ಅದು ಮನೆಯ ವೆಟ್ ಗ್ರೈಂಡರ್ ಥರ ಬಿಡದೆ ಅರೆಯುತ್ತದೆ. ನಿಮಿಷಕ್ಕೆ ಸುಮಾರು 3 ಸಲ ಸ್ನಾಯುವಿನ ಅಲೆ ಎದ್ದು ಕೆಳಕ್ಕೆ ಸಾಗುತ್ತದೆ. ಕೊನೆಯಲ್ಲಿ ಪೈಲೋರಸ್ ಅನ್ನುವ ಬಿಗಿಯಾದ ಸ್ನಾಯುವಿನ ಬಾಗಿಲು. ಒಂದೆರಡು ಮಿಲಿಮೀಟರ್‌ನಷ್ಟು ನುಣ್ಣಗಾದ ಚೂರುಗಳನ್ನು ಮಾತ್ರ ಅದು ಸಣ್ಣ ಕರುಳಿಗೆ ಬಿಡುತ್ತದೆ. ದಪ್ಪ ಚೂರು ಬಂದರೆ ವಾಪಸ್, ಇನ್ನೊಂದು ಸುತ್ತು ಅರೆತ.

ಬರೀ ನೀರಿಗೆ ಈ ಕಷ್ಟ ಇಲ್ಲ. ಕುಡಿದ ನೀರಿನ ಅರ್ಧ ಭಾಗ ಹದಿನೈದು ಇಪ್ಪತ್ತು ನಿಮಿಷದಲ್ಲೇ ಕೆಳಗಿಳಿದಿರುತ್ತದೆ. ಗಟ್ಟಿ ಊಟ ಹಾಗಲ್ಲ. ಮೊದಲ ಅರ್ಧ ಗಂಟೆ ಬಾಗಿಲು ದಾಟಿ ಹೋಗುವುದು ತೀರಾ ಕಡಿಮೆ, ಬರೀ ಅರೆಯುವ ಕೆಲಸ. ಅರ್ಧ ಊಟ ದಾಟಲು ಸುಮಾರು 2 ಗಂಟೆ ಬೇಕು. ಆಸ್ಪತ್ರೆಗಳಲ್ಲಿ ಇದನ್ನು ಅಳೆಯಲು ಒಂದು ಪರೀಕ್ಷೆ ಇದೆ. ತುಸು ವಿಕಿರಣದ ಗುರುತು ಸೇರಿಸಿದ ಮೊಟ್ಟೆ ಮತ್ತು ಬ್ರೆಡ್ ತಿನ್ನಿಸಿ, ಕ್ಯಾಮೆರಾದಲ್ಲಿ ಗಂಟೆಗೊಮ್ಮೆ ನೋಡುತ್ತಾರೆ. 4 ಗಂಟೆಯ ಹೊತ್ತಿಗೆ ಶೇ 10ಕ್ಕಿಂತ ಜಾಸ್ತಿ ಉಳಿದಿದ್ದರೆ ಜಠರ ನಿಧಾನ ಅಂತ ಲೆಕ್ಕ.

ಜಿಡ್ಡು ಇದ್ದರೆ ಇನ್ನೂ ತಡ. ಸಣ್ಣ ಕರುಳಿಗೆ ಕೊಬ್ಬು ತಗಲಿದ ಕೂಡಲೇ ಅಲ್ಲಿಂದ ಹಾರ್ಮೋನುಗಳು ಹೊರಟು ‘ಸ್ವಲ್ಪ ತಡಿ’ ಅಂತ ಜಠರಕ್ಕೆ ಹೇಳುತ್ತವೆ. ಹಾಗಾಗಿ ದರ್ಶಿನಿಯಲ್ಲಿ ಒಬ್ಬರು ಎರಡು ಇಡ್ಲಿ ತಿಂದು, ಪಕ್ಕದವರು ಬೆಣ್ಣೆ ಮಸಾಲೆ ದೋಸೆ ತಿಂದರೆ, ಇಬ್ಬರೂ ಒಂದೇ ಹೊತ್ತಿಗೆ ಎದ್ದು ಹೋದರೂ ಇಬ್ಬರ ಹೊಟ್ಟೆ ಒಂದೇ ಹೊತ್ತಿಗೆ ಖಾಲಿಯಾಗುವುದಿಲ್ಲ. ಅರಿವಳಿಕೆ ಡಾಕ್ಟ್ರುಗಳ ನಿಯಮ ಬಂದಿರುವುದೂ ಇಲ್ಲಿಂದಲೇ: ತಿಳಿಯಾದ ನೀರಿನಂಥ ಪಾನೀಯಕ್ಕೆ 2 ಗಂಟೆ, ಎದೆಹಾಲಿಗೆ 4, ಹಗುರವಾದ ಊಟಕ್ಕೆ 6, ಕರಿದದ್ದು, ಜಿಡ್ಡಿನದು, ಮಾಂಸ ಇದ್ದರೆ 8.

ಹಸುವಿನ ಹಾಲು 6 ಗಂಟೆಯ ಪಟ್ಟಿಯಲ್ಲಿದೆ. ಜಠರದ ಆಮ್ಲ ಸೇರಿದ ಕೂಡಲೇ ಹಾಲು ಒಡೆದು ಗಟ್ಟಿಯಾಗುತ್ತದೆ. ನಮ್ಮೂರಲ್ಲಿ ಎಡವಟ್ಟು ಆಗುವುದು ಇಲ್ಲೇ.

‘ಬೆಳಿಗ್ಗೆಯಿಂದ ಏನಾದ್ರೂ ತಗೊಂಡ್ರಾ ಅಮ್ಮಾ?’
‘ಇಲ್ಲಪ್ಪ, ಏನೂ ಇಲ್ಲ. ಖಾಲಿ ಹೊಟ್ಟೇಲೇ ಬಂದಿದ್ದೀನಿ.’
‘ನೀರು?’
‘ನೀರೂ ಇಲ್ಲ. ಕಾಫಿ ಒಂದು ಲೋಟ ಕುಡ್ದೆ, ಅಷ್ಟೆ.’

ಫಿಲ್ಟರ್ ಕಾಫಿಯನ್ನು ಆಹಾರ ಅಂತ ಎಣಿಸುವ ಅಭ್ಯಾಸ ಬೆಂಗಳೂರಿನಲ್ಲಿ ಯಾರಿಗೂ ಇಲ್ಲ. ಆದರೆ ಅರ್ಧ ಲೋಟ ಹಾಲು ಹಾಕಿದ ಕಾಫಿಗೆ ಆರು ಗಂಟೆ ಕಾಯಬೇಕು. ಮಜ್ಜಿಗೆ, ರಾಗಿ ಗಂಜಿಯ ಕಥೆಯೂ ಅದೇ, ಅವು ತಿಳಿ ಪಾನೀಯದ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ. ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕುಡಿಯದೆ, ಮಧ್ಯಾಹ್ನದ ಆಪರೇಷನ್‌ಗೆ ಬಾಯಿ ಒಣಗಿಸಿಕೊಂಡು ಕೂರುವುದು. ಹೊಟ್ಟೆ ಸರಿಯಾಗಿ ಕೆಲಸ ಮಾಡುವವರಿಗೆ ಆ ಶಿಕ್ಷೆ ಬೇಕಿಲ್ಲ. ಡಾಕ್ಟ್ರು ಬೇರೆ ಹೇಳದಿದ್ದರೆ ಎರಡು ಗಂಟೆ ಮುಂಚಿನವರೆಗೂ ನೀರು ಕುಡಿಯಬಹುದು. ನೀರಿಗೆ ಇಷ್ಟು ಹೆದರುವ ನಾವು, ಒಳಗೆ ಹೋದ ನೋವಿನ ಮಾತ್ರೆಗೆ ಒಂಚೂರೂ ಹೆದರುವುದಿಲ್ಲ.

ಅಫೀಮಿನ ವಂಶದವರು

ನೋವಿನ ಔಷಧಿಗಳೆಲ್ಲ ಒಂದೇ ಅಲ್ಲ. ಪ್ಯಾರಸಿಟಮಾಲ್ ಜಠರವನ್ನು ನಿಧಾನ ಮಾಡುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಇವು ಜಠರದ ಒಳಪದರಕ್ಕೆ ಹುಣ್ಣು ಮಾಡಬಹುದು. ಅದು ಬೇರೆ ತಾಪತ್ರಯ. ಖಾಲಿಯಾಗುವ ವೇಗಕ್ಕೆ ಅವು ಹೇಳಿಕೊಳ್ಳುವಷ್ಟು ಅಡ್ಡಿ ಮಾಡುವುದಿಲ್ಲ.

ಅಡ್ಡಿ ಮಾಡುವುದು ಓಪಿಯಾಯ್ಡ್‌ಗಳು, ಅಂದರೆ ಅಫೀಮಿನಿಂದ ಬಂದವು ಮತ್ತು ಅದೇ ರೀತಿ ಕೆಲಸ ಮಾಡುವ ಹಾಗೆ ಲ್ಯಾಬ್‌ನಲ್ಲಿ ತಯಾರಾದವು. ಮಾರ್ಫಿನ್, ಪೆಥಿಡಿನ್, ಫೆಂಟನಿಲ್, ಕೋಡೀನ್, ಬ್ಯುಪ್ರಿನಾರ್ಫಿನ್, ಟ್ಯಾಪೆಂಟಡಾಲ್, ಟ್ರಮಡಾಲ್. ಹೆಸರು ಕೇಳಿ ಇದೆಲ್ಲ ಐಸಿಯು ಮಾತು ಅಂದುಕೊಳ್ಳಬೇಡಿ. ಮಂಡಿ ನೋವಿಗೆ, ಸೊಂಟ ನೋವಿಗೆ ಬರೆದುಕೊಡುವ ಅಲ್ಟ್ರಾಸೆಟ್‌ನಂಥ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಇದೆ. 2018ರಲ್ಲಿ ಟ್ರಮಡಾಲ್ ಅನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದ ಮೇಲೆ ಬಿಗಿ ಜಾಸ್ತಿಯಾಗಿದೆ. ಆದರೂ ಹಳೆ ಚೀಟಿಯ ಉಳಿದ ಮಾತ್ರೆಗಳು ಎಷ್ಟೋ ಮನೆಗಳ ಫ್ರಿಡ್ಜ್ ಮೇಲಿನ ಡಬ್ಬಿಯಲ್ಲಿ ಇದ್ದೇ ಇರುತ್ತವೆ.

ಇವು ಜಠರಕ್ಕೆ ಮಾಡುವುದೇನು? ನಮ್ಮ ಅನ್ನನಾಳದಿಂದ ಗುದದ್ವಾರದವರೆಗೂ ಗೋಡೆಯೊಳಗೆ ನರಗಳ ಒಂದು ದಟ್ಟ ಬಲೆ ಇದೆ. ಕೋಟ್ಯಂತರ ನರಕೋಶಗಳು. ಮಿದುಳು ಹೇಳದಿದ್ದರೂ ಅರೆಯುವ, ತಳ್ಳುವ ಕೆಲಸವನ್ನು ಅವು ತಾವೇ ನಡೆಸಬಲ್ಲವು. ‘ಹಿಂಡು’ ಅಂತ ಸ್ನಾಯುವಿಗೆ ಹೇಳಲು ಅವು ಬಳಸುವುದು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು. ಈ ನರಕೋಶಗಳ ಮೇಲೆ ಮ್ಯೂ ಅನ್ನುವ ರಿಸೆಪ್ಟರ್‌ಗಳಿವೆ, ಅಂದರೆ ಔಷಧಿ ಹೋಗಿ ಕೂರುವ ಜಾಗಗಳು. ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ನೋವು ತಗ್ಗಿಸಲು ಮಾರ್ಫಿನ್ ಹೋಗಿ ಕೂರುವುದೂ ಇದೇ ಜಾತಿಯ ರಿಸೆಪ್ಟರ್ ಮೇಲೆ. ಹೊಟ್ಟೆಯಲ್ಲಿ ಅದು ಕೂತಾಗ ಅಸಿಟೈಲ್‌ಕೋಲಿನ್ ಹೊರಬರುವುದು ಕಡಿಮೆಯಾಗುತ್ತದೆ. ಆಂಟ್ರಮ್‌ನ ಅಲೆಗಳ ಬಲ ಕುಗ್ಗುತ್ತದೆ. ಪೈಲೋರಸ್ ಮಾತ್ರ ಇನ್ನಷ್ಟು ಬಿಗಿಯುತ್ತದೆ. ಒಂದು ಕಡೆ ತಳ್ಳುವವರು ಸುಸ್ತು, ಇನ್ನೊಂದು ಕಡೆ ಬಾಗಿಲು ಭದ್ರ.

ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಕೂಡ ಓಪಿಯಾಯ್ಡೇ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸರಿಯಾದ ಪ್ರಮಾಣದಲ್ಲಿ ತಗೊಂಡರೆ ಅದು ಮಿದುಳಿಗೆ ಹೋಗಿ ನಿಲ್ಲುವುದಿಲ್ಲ. ಅದಕ್ಕೇ ಮತ್ತೂ ಬರುವುದಿಲ್ಲ, ನೋವೂ ಕಡಿಮೆಯಾಗುವುದಿಲ್ಲ. ಕರುಳಿನ ಓಟ ಮಾತ್ರ ನಿಲ್ಲುತ್ತದೆ. ಉಳಿದ ಓಪಿಯಾಯ್ಡ್‌ಗಳಲ್ಲಿ ಬೇಡದ ಪರಿಣಾಮವೇ ಇಲ್ಲಿ ಔಷಧಿ.

ಮಾರ್ಫಿನ್ ಜಠರವನ್ನು ತಡೆಯುವುದು ಮಿದುಳಿನ ಮೂಲಕವೋ, ಹೊಟ್ಟೆಯಲ್ಲೇ ನೇರವಾಗಿಯೋ ಅನ್ನುವುದು ಬಹಳ ಕಾಲದ ಚರ್ಚೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಸೊಗಸಾದ ದಾರಿ ಹುಡುಕಿತು. ಮೀಥೈಲ್‌ನಾಲ್ಟ್ರೆಕ್ಸೋನ್ ಅನ್ನುವ ಔಷಧಿ ಓಪಿಯಾಯ್ಡ್ ಅನ್ನು ರಿಸೆಪ್ಟರ್‌ನಿಂದ ಎಬ್ಬಿಸುತ್ತದೆ, ಆದರೆ ಮಿದುಳಿನೊಳಗೆ ಹೋಗಲಾರದು. ಆರೋಗ್ಯವಂತರಿಗೆ ಮಾರ್ಫಿನ್ ಕೊಟ್ಟಾಗ ಹೊಟ್ಟೆ ನಿಧಾನವಾಯಿತು. ಮಾರ್ಫಿನ್ ಜೊತೆ ಇದನ್ನೂ ಕೊಟ್ಟಾಗ ಆ ನಿಧಾನ ಬಹುಮಟ್ಟಿಗೆ ಇಲ್ಲವಾಯಿತು. ಅಂದರೆ ತಡೆಯ ದೊಡ್ಡ ಪಾಲು ಹೊಟ್ಟೆಯಲ್ಲೇ ನಡೆಯುತ್ತಿದೆ. ಮಿದುಳು, ಬೆನ್ನುಹುರಿಗೂ ಪಾಲಿದೆ. ಬೆನ್ನುಹುರಿಯ ಸುತ್ತ ಇಂಜೆಕ್ಷನ್ ಮಾಡಿ ಮಾರ್ಫಿನ್ ಕೊಟ್ಟರೂ ಜಠರ ನಿಧಾನವಾಗುವುದುಂಟು.

ಎಲ್ಲ ಓಪಿಯಾಯ್ಡ್‌ಗಳ ಬಲವೂ ಒಂದೇ ಅಲ್ಲ. ಟ್ರಮಡಾಲ್‌ನ ತಡೆ ಮಾರ್ಫಿನ್‌ಗಿಂತ ಕಡಿಮೆ. ಪ್ರಮಾಣ ಹೆಚ್ಚಿದ ಹಾಗೆ ತಡೆ ಹೆಚ್ಚುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಲೆಕ್ಕಕ್ಕೆ ಬರುತ್ತದೆ. ಫೆಂಟನಿಲ್ ಪ್ಯಾಚ್ 3 ದಿನ ಬಿಡದೆ ಔಷಧಿ ಒಳಗೆ ಬಿಡುತ್ತಿರುತ್ತದೆ. ‘ಯಾವ ಮಾತ್ರೆ ತಗೋತಿದ್ದೀರಿ’ ಅಂದರೆ ಜನ ಬೆನ್ನಿನ ಮೇಲಿರುವ ಪ್ಯಾಚ್ ಮರೆತೇಬಿಡುತ್ತಾರೆ. ಅದು ಮಾತ್ರೆ ಅಲ್ಲವಲ್ಲ!

ಡೋಲೋ ಬಿಟ್ಟುಕೊಟ್ಟ ಗುಟ್ಟು

ಹೊಟ್ಟೆ ನಿಧಾನವಾಗಿದೆ ಅಂತ ವಿಜ್ಞಾನಿಗಳು ಕಂಡುಕೊಂಡ ಬಗೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಪ್ಯಾರಸಿಟಮಾಲ್ ವಿಧಾನ. ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಮಾಡುವ ಡೋಲೋ 650 ಇದೆಯಲ್ಲ, ಅದರಲ್ಲಿರುವುದು ಪ್ಯಾರಸಿಟಮಾಲೇ. ಈ ಔಷಧಿ ಜಠರದ ಗೋಡೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಪೈಲೋರಸ್ ದಾಟಿ ಸಣ್ಣ ಕರುಳಿಗೆ ಬಿದ್ದ ಮೇಲೆ ಸರಸರ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಪ್ಯಾರಸಿಟಮಾಲ್ ನುಂಗಿಸಿ, ಆಗಾಗ ರಕ್ತ ತೆಗೆದು ನೋಡಿದರೆ ಸಾಕು. ಬೇಗ ಕಂಡರೆ ಜಠರ ಬೇಗ ಖಾಲಿಯಾಗುತ್ತಿದೆ, ತಡವಾಗಿ ಕಂಡರೆ ಬಾಗಿಲು ಮುಚ್ಚಿದೆ. 1973ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ನಂಟನ್ನು ತೋರಿಸಿಕೊಟ್ಟರು. ಎರಡು ವರ್ಷದ ನಂತರ ಹೆರಿಗೆ ನೋವಿನಲ್ಲಿದ್ದ ಹೆಂಗಸರಲ್ಲಿ ಇದನ್ನೇ ಬಳಸಿ ನೋಡಿದರು. ಪೆಥಿಡಿನ್‌ನಂಥ ಇಂಜೆಕ್ಷನ್ ಪಡೆದವರ ರಕ್ತಕ್ಕೆ ಪ್ಯಾರಸಿಟಮಾಲ್ ಬರುವುದು ಬಹಳ ತಡವಾಗಿತ್ತು. ಹೊಟ್ಟೆ ಓಡಿಸುವ ಮೆಟೊಕ್ಲೋಪ್ರಮೈಡ್ ಕೊಟ್ಟರೂ ಆ ತಡೆ ಬಿಡಲಿಲ್ಲ.

ಇದರಿಂದ ಮನೆಯಲ್ಲಿ ಇರುವವರಿಗೂ ಒಂದು ವಿಷಯ ಸಿಗುತ್ತದೆ. ನಾವು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲೇ. ಜಠರ ನಿಂತರೆ ಮಾತ್ರೆಯೂ ಅಲ್ಲೇ ನಿಲ್ಲುತ್ತದೆ. ನೋವಿಗೆ ಟ್ರಮಡಾಲ್ ತಗೊಂಡವರು ಒಂದು ಗಂಟೆ ಕಾಯುತ್ತಾರೆ, ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ನುಂಗುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಕರುಳಿಗೆ ಇಳಿದರೆ ಮಂಪರು, ವಾಂತಿ, ತಲೆಸುತ್ತು. ಚೀಟಿಯಲ್ಲಿ ಬರೆದ ಅಂತರವನ್ನು ಮೀರಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ನಿದ್ದೆಯ ಔಷಧಿ ಮಾಡುವ ಬೇರೆ ಕೆಲಸ

ಈಗ ನಿದ್ದೆಯ ಕಡೆಯವರನ್ನು ನೋಡೋಣ. ಎಂಡೋಸ್ಕೋಪಿಗೆ ಮುಂಚೆ ಕೊಡುವ ಮಿಡಾಜೋಲಾಮ್, ಮನೆಯಲ್ಲಿ ತಗೊಳ್ಳುವ ಅಲ್‌ಪ್ರಾಜೋಲಾಮ್, ಕ್ಲೋನಜೆಪಾಮ್, ಆಪರೇಷನ್ ಥಿಯೇಟರ್‌ನಲ್ಲಿ ಹಾಲಿನ ಬಣ್ಣದಲ್ಲಿ ಕಾಣುವ ಪ್ರೊಪೊಫೋಲ್. ಸಾಮಾನ್ಯ ಪ್ರಮಾಣದಲ್ಲಿ ಇವು ಜಠರವನ್ನು ಮಾರ್ಫಿನ್‌ನಷ್ಟು ತಡೆಯುವುದಿಲ್ಲ. ಪ್ರೊಪೊಫೋಲ್ ಅನ್ನು ಆರೋಗ್ಯವಂತರಿಗೆ ಮಂಪರು ಬರುವಷ್ಟು ಕೊಟ್ಟು ನೋಡಿದಾಗ ಜಠರ ಹೆಚ್ಚುಕಡಿಮೆ ಎಂದಿನ ಹಾಗೇ ಖಾಲಿಯಾಗಿದೆ.

ಹಾಗಿದ್ದರೆ ನಿದ್ದೆ ಇಂಜೆಕ್ಷನ್‌ಗೆ ಯಾಕೆ ಉಪವಾಸ? ಕಾರಣ ಮೇಲಿದೆ, ಗಂಟಲಲ್ಲಿ. ಎಚ್ಚರ ಇರುವ ಮನುಷ್ಯನಿಗೆ ಹೊಟ್ಟೆಯಿಂದ ಒಂದು ಹನಿ ಹುಳಿನೀರು ಮೇಲೆ ಬಂದರೂ ಗೊತ್ತಾಗುತ್ತದೆ. ನುಂಗುತ್ತಾನೆ, ಕೆಮ್ಮುತ್ತಾನೆ, ಎದ್ದು ಕೂರುತ್ತಾನೆ. ಶ್ವಾಸನಾಳದ ಬಾಯಿ ಥಟ್ಟನೆ ಮುಚ್ಚಿಕೊಳ್ಳುತ್ತದೆ. ನಿದ್ದೆಯ ಔಷಧಿ ಹೆಚ್ಚಾದ ಹಾಗೆ ಈ ಎಚ್ಚರ ಮಂಕಾಗುತ್ತದೆ. ಪೂರ್ತಿ ಅರಿವಳಿಕೆಯಲ್ಲಿ ಅದು ಇರುವುದೇ ಇಲ್ಲ. ಅನ್ನನಾಳ ಮತ್ತು ಜಠರದ ನಡುವಿನ ಬಿಗಿಯೂ ಸಡಿಲಾಗುತ್ತದೆ. ಆಗ ಹೊಟ್ಟೆಯಲ್ಲಿ ಇರುವುದು ಸದ್ದಿಲ್ಲದೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

ನಿದ್ದೆಯ ಕಡೆಯವರಲ್ಲೇ ಒಬ್ಬರು ಈ ಮಾತಿಗೆ ಹೊರತು. ಡೆಕ್ಸ್‌ಮೆಡಿಟೊಮಿಡಿನ್ ಅನ್ನುವ ಔಷಧಿಯನ್ನು ಐಸಿಯುಗಳಲ್ಲಿ ಈಗ ಜಾಸ್ತಿ ಬಳಸುತ್ತಾರೆ. ಉಸಿರಾಟಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ ಅನ್ನುವುದು ಅದರ ಹೆಗ್ಗಳಿಕೆ. 2011ರಲ್ಲಿ ಫಿನ್ಲೆಂಡಿನ ಸಂಶೋಧಕರು ಆರೋಗ್ಯವಂತ ಯುವಕರಿಗೆ ಅದನ್ನು ಕೊಟ್ಟು, ಮೇಲೆ ಹೇಳಿದ ಪ್ಯಾರಸಿಟಮಾಲ್ ವಿಧಾನದಲ್ಲೇ ನೋಡಿದರು. ಜಠರ ಚೆನ್ನಾಗಿಯೇ ನಿಧಾನವಾಗಿತ್ತು. ಹಾಗಾಗಿ ‘ನಿದ್ದೆ ಔಷಧಿ, ಹೊಟ್ಟೆಗೆ ಏನೂ ಆಗಲ್ಲ’ ಅಂತ ಸಾರಾಸಗಟಾಗಿ ಹೇಳುವ ಹಾಗೂ ಇಲ್ಲ.

ಎರಡೂ ಸೇರಿದರೆ

ಹೊಟ್ಟೆಯಲ್ಲಿ ಊಟ ಇದೆ, ಓಪಿಯಾಯ್ಡ್ ಅದನ್ನು ಕೆಳಗೆ ಬಿಡುತ್ತಿಲ್ಲ. ಅದೇ ಓಪಿಯಾಯ್ಡ್ ಮಿದುಳಿನ ವಾಂತಿ ಕೇಂದ್ರವನ್ನೂ ಕೆರಳಿಸುತ್ತದೆ. ಅದರ ಮೇಲೆ ನಿದ್ದೆಯ ಇಂಜೆಕ್ಷನ್ ಬಿದ್ದು ಕೆಮ್ಮುವ ಶಕ್ತಿ ಹೋಯಿತು. ಅರಿವಳಿಕೆ ಡಾಕ್ಟ್ರು ಅತಿ ಹೆಚ್ಚು ಹೆದರುವ ಸನ್ನಿವೇಶಗಳಲ್ಲಿ ಇದು ಒಂದು.

ಕರ್ಟಿಸ್ ಮೆಂಡೆಲ್ಸನ್ ಅನ್ನುವ ನ್ಯೂಯಾರ್ಕಿನ ಹೆರಿಗೆ ವೈದ್ಯರು 1946ರಲ್ಲಿ ಇದರ ಮೇಲೆ ಒಂದು ಪ್ರಬಂಧ ಬರೆದರು. 1932ರಿಂದ 1945ರವರೆಗೆ ಅವರ ಆಸ್ಪತ್ರೆಯ 44,016 ಗರ್ಭಿಣಿಯರ ದಾಖಲೆ ನೋಡಿದಾಗ, 66 ಮಂದಿಯಲ್ಲಿ ಅರಿವಳಿಕೆಯ ಹೊತ್ತಿಗೆ ಹೊಟ್ಟೆಯದು ಶ್ವಾಸಕೋಶಕ್ಕೆ ಹೋಗಿತ್ತು. ಇಬ್ಬರು ಸತ್ತಿದ್ದರು. ಆ ಇಬ್ಬರೂ ಗಟ್ಟಿ ಆಹಾರ ಉಸಿರಿನ ದಾರಿಗೆ ಸಿಕ್ಕಿ ಸತ್ತವರು. ಬರೀ ನೀರಿನಂಥದ್ದು ಹೋದರೂ ಅದರಲ್ಲಿನ ಆಮ್ಲವೇ ಶ್ವಾಸಕೋಶವನ್ನು ಸುಡುತ್ತದೆ ಅಂತ ಮೊಲಗಳ ಮೇಲೆ ಪ್ರಯೋಗ ಮಾಡಿ ಅವರು ತೋರಿಸಿದರು. ಈಗಲೂ ಅದಕ್ಕೆ ಮೆಂಡೆಲ್ಸನ್ ಸಿಂಡ್ರೋಮ್ ಅಂತಲೇ ಹೆಸರು. ಆಪರೇಷನ್‌ಗೆ ಮುಂಚೆ ಏನೂ ತಿನ್ನಬೇಡಿ ಅನ್ನುವ ಕಟ್ಟುನಿಟ್ಟು ಇಷ್ಟೊಂದು ಬೇರೂರಿದ್ದು ಅಲ್ಲಿಂದ ಮುಂದೆ.

ನಮ್ಮ ರಸ್ತೆಗಳ ಲೆಕ್ಕದಲ್ಲಿ ನೋಡಿ. ಹೊಸೂರು ರಸ್ತೆಯಲ್ಲಿ ಒಬ್ಬ ಹುಡುಗ ರಾತ್ರಿ 9ಕ್ಕೆ ಬಿರಿಯಾನಿ ತಿಂದ, ಒಂಬತ್ತೂವರೆಗೆ ಬೈಕಿನಿಂದ ಬಿದ್ದು ಕಾಲು ಮುರಿಯಿತು ಅಂದುಕೊಳ್ಳಿ. ಎಮರ್ಜೆನ್ಸಿಯಲ್ಲಿ ನೋವಿಗೆ ಫೆಂಟನಿಲ್ ಕೊಟ್ಟರು. ಆಪರೇಷನ್ ಬೆಳಿಗ್ಗೆ 6ಕ್ಕೆ. ‘ಊಟ ಆಗಿ 9 ಗಂಟೆ ಆಯ್ತಲ್ಲ, ಹೊಟ್ಟೆ ಖಾಲಿ’ ಅಂತ ಮನೆಯವರು ಹೇಳುತ್ತಾರೆ. ಡಾಕ್ಟ್ರು ಒಪ್ಪುವುದಿಲ್ಲ. ಊಟಕ್ಕೂ ಪೆಟ್ಟಿಗೂ ನಡುವೆ ಇದ್ದದ್ದು ಅರ್ಧ ಗಂಟೆ ಮಾತ್ರ. ಪೆಟ್ಟು ಬಿದ್ದ ಕ್ಷಣದಿಂದ ನೋವು, ಭಯ, ಆಮೇಲೆ ಓಪಿಯಾಯ್ಡ್, ಮೂರೂ ಜಠರವನ್ನು ಹಿಡಿದು ಕೂತಿವೆ. ಇಂಥವರ ಹೊಟ್ಟೆ ತುಂಬಿದೆ ಅಂತಲೇ ಎಣಿಸಿ ಅರಿವಳಿಕೆ ಕೊಡುತ್ತಾರೆ. ಔಷಧಿಗಳನ್ನು ಬೇಗ ಬೇಗ ಕೊಟ್ಟು, ಮಾಸ್ಕಿನಿಂದ ಗಾಳಿ ಊದುವುದನ್ನು ಆದಷ್ಟು ತಪ್ಪಿಸಿ, ಕೂಡಲೇ ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತಾರೆ. ಕುತ್ತಿಗೆಯ ಮುಂಭಾಗದ ಉಂಗುರದಂಥ ಮೃದು ಎಲುಬನ್ನು ಒತ್ತಿ ಅನ್ನನಾಳ ಮುಚ್ಚುವ ಉಪಾಯವನ್ನು 1961ರಲ್ಲಿ ಬ್ರಯಾನ್ ಸೆಲಿಕ್ ಹೇಳಿದ್ದರು. ಅದರಿಂದ ಎಷ್ಟು ಲಾಭ ಅನ್ನುವ ವಾದ ಇನ್ನೂ ನಿಂತಿಲ್ಲ.

ಅನುಮಾನ ಇದ್ದಾಗ ಈಗ ಒಳಗೇ ನೋಡಬಹುದು. ರೋಗಿಯನ್ನು ಬಲಮಗ್ಗುಲಿಗೆ ಮಲಗಿಸಿ, ಎದೆಗೂಡಿನ ಕೆಳಗೆ, ಹೊಟ್ಟೆಯ ನಡುವಿನ ಗುಳಿಯಲ್ಲಿ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಡುತ್ತಾರೆ. ಪರದೆಯ ಮೇಲೆ ಯಕೃತ್ತಿನ ಅಂಚು ಕಾಣುತ್ತದೆ, ಅದರ ಕೆಳಗೆ ಆಂಟ್ರಮ್. ಖಾಲಿ ಇದ್ದರೆ ಅದೊಂದು ಸಣ್ಣ, ಚಪ್ಪಟೆ ಸುತ್ತು, ಅಷ್ಟೆ. ನೀರಿದ್ದರೆ ಉಬ್ಬಿದ ಕಪ್ಪು ಜಾಗ. ಗಟ್ಟಿ ಊಟ ಇದ್ದರೆ ಬೂದು ಬಿಳಿ ಚೂರುಗಳು ತುಂಬಿ ಹಿಂದಿನದೇನೂ ಕಾಣದ ಹಾಗೆ ಮಸುಕು. ನೀರಿನಂಥದ್ದು ಮಾತ್ರ ಇದ್ದರೆ ಆಂಟ್ರಮ್‌ನ ಅಗಲ ಅಳೆದು ಎಷ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ದೇಹದ ತೂಕದ ಕಿಲೋಗೆ 1.5 ಮಿಲಿಲೀಟರ್‌ವರೆಗೆ ಇದ್ದರೆ ಪರವಾಗಿಲ್ಲ. 60 ಕಿಲೋ ತೂಕದವರಿಗೆ ಅದು 90 ಮಿಲಿಲೀಟರ್. ಜಾಸ್ತಿ ಇದ್ದರೆ, ಅಥವಾ ಗಟ್ಟಿಯಾದದ್ದು ಒಂಚೂರು ಕಂಡರೂ, ಹೊಟ್ಟೆ ತುಂಬಿದೆ ಅಂತಲೇ ಅರ್ಥ. ಕೆಲವೇ ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ. ನನ್ನನ್ನು ಕೇಳಿದರೆ ‘ಎಷ್ಟು ಗಂಟೆಗೆ ತಿಂದ್ರಿ’ ಅನ್ನುವ ಪ್ರಶ್ನೆಗಿಂತ ಇದನ್ನೇ ಜಾಸ್ತಿ ನಂಬಬೇಕು.

ನೋವೇ ಬಾಗಿಲು ಹಾಕುತ್ತದೆ

ಇಷ್ಟೆಲ್ಲ ಓದಿ ‘ಹಾಗಾದ್ರೆ ನೋವಿನ ಔಷಧಿನೇ ಬೇಡ’ ಅನ್ನಬೇಡಿ. ಔಷಧಿ ಇಲ್ಲದ ಬರೀ ನೋವೂ ಜಠರವನ್ನು ನಿಲ್ಲಿಸುತ್ತದೆ. ವಾಲ್ಟರ್ ಕ್ಯಾನನ್ ಅನ್ನುವ ಅಮೆರಿಕದ ವಿಜ್ಞಾನಿ 1890ರ ದಶಕದ ಕೊನೆಯಲ್ಲಿ, ಎಕ್ಸ್‌ರೇ ಇನ್ನೂ ಹೊಸದಾಗಿದ್ದಾಗ, ಬೆಕ್ಕುಗಳ ಹೊಟ್ಟೆಯ ಅಲೆಗಳನ್ನು ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಅಲೆಗಳು ನಿಂತುಬಿಡುತ್ತಿದ್ದವು, ಸಮಾಧಾನ ಮಾಡಿದರೆ ಮತ್ತೆ ಶುರು. ಮನುಷ್ಯರದ್ದೂ ಹಾಗೇ.

ಮೈಗ್ರೇನ್ ಇರುವವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ. ತಲೆನೋವು ಜೋರಾದ ಮೇಲೆ ನುಂಗಿದ ಮಾತ್ರೆ ಕೆಲಸ ಮಾಡುವುದೇ ಇಲ್ಲ. ಮೈಗ್ರೇನ್ ಹೊತ್ತಿನಲ್ಲಿ ಜಠರ ಮಂದವಾಗಿರುತ್ತದೆ. ಆ ಹೊತ್ತಿನಲ್ಲಿ ತಗೊಂಡ ಆಸ್ಪಿರಿನ್ ರಕ್ತಕ್ಕೆ ತಡವಾಗಿ ಸೇರುತ್ತದೆ ಅಂತ 1970ರ ದಶಕದಲ್ಲೇ ಗೊತ್ತಾಗಿತ್ತು. ಡಾಕ್ಟ್ರು ನೋವಿನ ಮಾತ್ರೆ ಜೊತೆ ಹೊಟ್ಟೆ ಓಡಿಸುವ ಡೊಂಪೆರಿಡೋನ್ ಬರೆಯುವುದು, ನೋವು ಶುರುವಾದ ಕೂಡಲೇ ತಗೊಳ್ಳಿ ಅನ್ನುವುದು ಇದಕ್ಕೇ. ಮೂಗಿಗೆ ಹಾಕುವ ಸ್ಪ್ರೇ, ಇಂಜೆಕ್ಷನ್ ಇವಕ್ಕೆ ಜಠರದ ಅಪ್ಪಣೆ ಬೇಕಿಲ್ಲ.

ದೊಡ್ಡ ಆಪರೇಷನ್‌ಗಳಲ್ಲಿ ಈಗಿನ ಜಾಣತನ ಅಂದರೆ ನೋವನ್ನು ಹಲವು ದಾರಿಯಿಂದ ಹಿಡಿಯುವುದು. ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್, ಪ್ಯಾರಸಿಟಮಾಲ್ ಡ್ರಿಪ್, ಆಗುವವರಿಗೆ ಐಬುಪ್ರೊಫೆನ್ ಜಾತಿಯವು, ಸಾಲದಿದ್ದರೆ ಮಾತ್ರ ಓಪಿಯಾಯ್ಡ್. ಓಪಿಯಾಯ್ಡ್ ಕಡಿಮೆಯಾದಷ್ಟೂ ಹೊಟ್ಟೆ ಬೇಗ ಎದ್ದು ಕೂರುತ್ತದೆ, ರೋಗಿ ಬೇಗ ಗಂಜಿ ಕುಡಿಯುತ್ತಾರೆ.

ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ದಿನಗಟ್ಟಲೆ ಫೆಂಟನಿಲ್, ಮಿಡಾಜೋಲಾಮ್ ಹೋಗುತ್ತಿರುತ್ತದೆ. ಮೂಗಿನ ಟ್ಯೂಬಿನಿಂದ ಕೊಟ್ಟ ಆಹಾರ ಹೊಟ್ಟೆಯಲ್ಲೇ ನಿಂತುಬಿಡಬಹುದು. ಸಿಸ್ಟರ್‌ಗಳು ಸಿರಿಂಜಿನಿಂದ ಎಳೆದು ನೋಡುವುದು ಅದನ್ನೇ. ‘ಇವತ್ತು ಫೀಡ್ ನಿಲ್ಲಿಸಿದ್ದೀವಿ’ ಅಂದರೆ ಮನೆಯವರು ಕಂಗಾಲಾಗುತ್ತಾರೆ. ಬಹಳ ಸಲ ಅದು ಔಷಧಿಗಳ ಪರಿಣಾಮ. ಮೆಟೊಕ್ಲೋಪ್ರಮೈಡ್ ಅಥವಾ ಎರಿಥ್ರೋಮೈಸಿನ್ ಕೊಟ್ಟು ಹೊಟ್ಟೆ ಓಡಿಸಲು ನೋಡುತ್ತಾರೆ. ಎರಿಥ್ರೋಮೈಸಿನ್ ಆ್ಯಂಟಿಬಯಾಟಿಕ್ ಹೌದು, ಆದರೆ ಜಠರದ ಅಲೆ ಎಬ್ಬಿಸುವ ಹಾರ್ಮೋನಿನ ರಿಸೆಪ್ಟರ್ ಮೇಲೂ ಅದು ಕೂರುತ್ತದೆ.

ಡಾಕ್ಟ್ರಿಗೆ ಹೇಳಬೇಕಾದ್ದು

ಓಪಿಯಾಯ್ಡ್ ಅಲ್ಲದೆಯೂ ಜಠರ ನಿಧಾನ ಮಾಡುವವು ಇವೆ. ಮುಟ್ಟಿನ ನೋವಿಗೆ ತಗೊಳ್ಳುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಡೈಸೈಕ್ಲೋಮಿನ್ ಇದೆ. ಸೆಳೆತ ಬಿಡಿಸುವುದು ಅಂದರೆ ಅಲೆಗಳನ್ನು ತಗ್ಗಿಸುವುದೇ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುತ್ತದೆ. ಶುಗರ್‌ಗೆ, ತೂಕ ಇಳಿಸಲು ವಾರಕ್ಕೊಮ್ಮೆ ತಗೊಳ್ಳುವ ಸೆಮಾಗ್ಲುಟೈಡ್ ಇಂಜೆಕ್ಷನ್ನಿನ ಮಾತಂತೂ ಈಗ ಎಲ್ಲ ಕಡೆ. ಜಠರ ನಿಧಾನ ಮಾಡುವುದು ಅದರ ಗುಣಗಳಲ್ಲೇ ಒಂದು. ಆಪರೇಷನ್‌ಗೆ ಒಂದು ವಾರ ಮುಂಚೆ ನಿಲ್ಲಿಸಿ ಅಂತ 2023ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘ ಸಲಹೆ ಕೊಟ್ಟಿತ್ತು. 2024ರಲ್ಲಿ ಹಲವು ಸಂಘಗಳು ಸೇರಿ ಅದನ್ನು ಸಡಿಲಿಸಿ, ಹೆಚ್ಚಿನವರು ಮುಂದುವರಿಸಬಹುದು, ಅಪಾಯ ಜಾಸ್ತಿ ಇರುವವರು ಹಿಂದಿನ ದಿನ ಬರೀ ದ್ರವಾಹಾರ ತಗೊಳ್ಳಲಿ ಅಂದವು. ನಿಮ್ಮ ವಿಷಯದಲ್ಲಿ ಏನು ಅನ್ನುವುದನ್ನು ನಿಮ್ಮ ಡಾಕ್ಟ್ರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಬಹಳ ವರ್ಷದ ಶುಗರ್ ಇದ್ದರೆ ಜಠರದ ನರಗಳೇ ಸೋತಿರಬಹುದು, ಅದನ್ನೂ ಹೇಳಿ. ಹೆಸರು ನೆನಪಿರದಿದ್ದರೆ ಮಾತ್ರೆಯ ಕವರ್‌ಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಪ್ಯಾಚ್ ಇದ್ದರೆ ತೋರಿಸಿ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವವರ ಮಾತು ಬೇರೆಯಾಗಿಯೇ ಹೇಳಬೇಕು. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ, ಕೊನೆಗಾಲದ ಆರೈಕೆ ಕೊಡುವ ಕರುಣಾಶ್ರಯದಂಥ ಕಡೆಗೆ ಹೋಗುವ ಕುಟುಂಬಗಳಿಗೆ ಮಾರ್ಫಿನ್ ಮಾತ್ರೆ ಹೊಸದಲ್ಲ. ಶುರುವಿನ ಮಂಪರು, ವಾಕರಿಕೆ ಕೆಲವು ದಿನಕ್ಕೆ ದೇಹಕ್ಕೆ ಒಗ್ಗಿಹೋಗುತ್ತದೆ. ಮಲಬದ್ಧತೆ ಮಾತ್ರ ಒಗ್ಗುವುದಿಲ್ಲ. ಅದಕ್ಕೇ ಮಾರ್ಫಿನ್ ಬರೆಯುವ ಕೈಯೇ ಮಲ ಸಲೀಸಾಗಿ ಹೋಗುವ ಔಷಧಿಯನ್ನೂ ಬರೆಯುತ್ತದೆ, ಬಿಸಾಕೊಡಿಲ್, ಸೆನ್ನಾ ಅಥವಾ ಲ್ಯಾಕ್ಟುಲೋಸ್. ಮಾರ್ಫಿನ್ ನುಂಗಿ ಈ ಔಷಧಿಯನ್ನು ಬಿಡುವವರಿದ್ದಾರೆ, ಆಮೇಲೆ ಹೊಟ್ಟೆ ಉಬ್ಬಿ ‘ಗ್ಯಾಸ್ಟ್ರಿಕ್’ ಅಂತ ಬೇರೆ ಮಾತ್ರೆ ಹುಡುಕುತ್ತಾರೆ. ಮನೆಯ ಇಸಬ್‌ಗೋಲ್ ಇಲ್ಲಿ ಸಾಲದು. ಓಡದ ಕರುಳಿಗೆ ನಾರು ತುಂಬಿ, ನೀರೂ ಕಡಿಮೆ ಕುಡಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಇದಕ್ಕೆ ಹೆದರಿ ಮಾರ್ಫಿನ್ ಬಿಟ್ಟು ನೋವು ತಿನ್ನುವುದಂತೂ ಬೇಡವೇ ಬೇಡ.

ಆಪರೇಷನ್ ಆಗಿ ಮನೆಗೆ ಬಂದವರು ಓಪಿಯಾಯ್ಡ್ ಇರುವಷ್ಟು ದಿನ ಸ್ವಲ್ಪ ಸ್ವಲ್ಪ, ಜಿಡ್ಡು ಕಡಿಮೆ ಇರುವ ಊಟ ಮಾಡಲಿ. ಊಟ ಆದ ಕೂಡಲೇ ಮಲಗದಿರಲಿ. ಅದರ ಜೊತೆ ನಿದ್ದೆ ಮಾತ್ರೆಯಾಗಲಿ, ಡ್ರಿಂಕ್ಸ್ ಆಗಲಿ ಡಾಕ್ಟ್ರನ್ನು ಕೇಳದೆ ಬೇಡ. ಎರಡೂ ಸೇರಿದರೆ ಉಸಿರಾಟವೇ ಮಂದವಾಗಬಹುದು. ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ ಮೆಡಿಕಲ್ ಶಾಪ್‌ಗೆ ಹೋಗಬೇಡಿ. ಸೀದಾ ಎಮರ್ಜೆನ್ಸಿಗೆ ಹೋಗಿ, 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.